ಹೊಟ್ಟೆಯ ಬೇನೆಯೂ ಮನಸ್ಸಿನ ಅಂಜಿಕೆಯೂ



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡು ನುಡಿಗಳ ಮಾತನ್ನು ಬಿಟ್ಟು ಹೊಟ್ಟೆಯ ಮಾತನ್ನು ಎತ್ತಿಕೊಂಡದ್ದಕ್ಕೆ ತಾವೆಲ್ಲ ಕ್ಷಮಿಸಬೇಕು. ಕವಿಗಳ ವಿಚಾರವನ್ನೂ ಶಾಸನಗಳ ವಿಚಾರವನ್ನೂ ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ಹೊಟ್ಟೆಯ ವಿಚಾರದಲ್ಲಿ ಮಾತ್ರ ನಮ್ಮ ಅಧಿಕಾರವನ್ನು ಯಾರೂ ಅಲ್ಲಗಳೆಯಲಾರರು. ಉಬ್ಬರ, ಎದೆಯುರಿ, ಹುಳಿತೇಗು, ಹೊತ್ತಲ್ಲದ ಹೊತ್ತಿನಲ್ಲಿ ಹಿಂಡುವ ನೋವು, ಒಂದು ವಾರ ಮಲಬದ್ಧತೆ, ಮರುವಾರ ಭೇದಿ, ಇವುಗಳೊಡನೆ ವರ್ಷಗಟ್ಟಲೆ ಸಂಸಾರ ಮಾಡಿದವರ ಗುಂಪಿಗೆ ನಾವು ಸೇರಿದವರು. ಆ ಗುಂಪು ಚಿಕ್ಕದೇನೂ ಅಲ್ಲ. ಆದರೆ ಹೊಟ್ಟೆಯ ರೋಗವನ್ನು ಹೇಳಿಕೊಳ್ಳಲು ನಾಚಿಕೆ ಹೆಚ್ಚು. ಹೃದಯದ ರೋಗಕ್ಕಿರುವ ಗಾಂಭೀರ್ಯ ಅದಕ್ಕಿಲ್ಲ.

ಇಂದು ಅರಿಕೆ ಮಾಡಿಕೊಳ್ಳಬೇಕೆಂದಿರುವುದು ಆ ಬೇನೆಗಳ ಬೆನ್ನ ಹಿಂದೆಯೇ ಬರುವ ಇನ್ನೊಂದರ ವಿಷಯ. ಅದು ಅಂಜಿಕೆ. ಬೇನೆ ಬಂದುಹೋಗುವ ಅತಿಥಿಯಾದರೆ, ಅಂಜಿಕೆ ಮನೆಯಲ್ಲಿಯೇ ಬಿಡಾರ ಹೂಡುತ್ತದೆ.

ಬರ್ಕತ್‌ಪುರದಲ್ಲೋ ನಲ್ಲಕುಂಟದಲ್ಲೋ ವಾಸವಾಗಿರುವ ಒಬ್ಬ ರಾಯರನ್ನು ಕಲ್ಪಿಸಿಕೊಳ್ಳೋಣ. ನಲವತ್ತೈದರ ವಯಸ್ಸು, ಒಳ್ಳೆಯ ಉದ್ಯೋಗ. ಬೆಳಿಗ್ಗೆ ಎದ್ದೊಡನೆ ಕನ್ನಡಿಯ ಮುಂದೆ ನಾಲಗೆ ಚಾಚಿ ನೋಡಿಕೊಳ್ಳುತ್ತಾರೆ. ಆಮೇಲೆ ಹೊಟ್ಟೆಯನ್ನು ಒತ್ತಿ ನೋಡುತ್ತಾರೆ. ಒತ್ತಿದ ಕಡೆ ನೋಯುತ್ತದೆ. ದಿನಕ್ಕೆ ಹತ್ತು ಸಲ ಒತ್ತಿದರೆ ಯಾರ ಹೊಟ್ಟೆಯಾದರೂ ನೋಯಲೇಬೇಕಷ್ಟೆ. ಹಿಂದಿನ ರಾತ್ರಿ ಏನು ತಿಂದೆವೆಂಬ ವಿಚಾರಣೆ ನಡೆಯುತ್ತದೆ. ಬದನೆಕಾಯಿ ಅಪರಾಧಿಯೆಂದು ತೀರ್ಪಾಗಿ ಅದಕ್ಕೆ ಅಂದಿನಿಂದ ಗಡೀಪಾರು. ಮುಂದಿನ ವಾರ ತೊಗರಿಬೇಳೆಯ ಸರದಿ, ಅದರ ಮುಂದಿನ ವಾರ ಹಾಲು, ಆಮೇಲೆ ಗೋಧಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಲಕ್ಷಣಗಳನ್ನು ಬರೆದು ಹುಡುಕುತ್ತಾರೆ. ಉಬ್ಬರದಿಂದ ಹೊರಟ ಹುಡುಕಾಟ ಅರ್ಧ ಗಂಟೆಯೊಳಗೆ ಅರ್ಬುದಕ್ಕೆ ಮುಟ್ಟುತ್ತದೆ. ಹೆಂಡತಿಯನ್ನು ಎಬ್ಬಿಸಿ, "ಇದೇನೂ ಅಲ್ಲವಷ್ಟೆ?" ಎನ್ನುತ್ತಾರೆ. "ಏನೂ ಇಲ್ಲ, ಮಲಗಿರಿ" ಎನ್ನುತ್ತಾರೆ ಆಕೆ. ಆ ಧೈರ್ಯ ಬೆಳಗಿನ ಕನ್ನಡಿಯವರೆಗೆ ಉಳಿದರೆ ಹೆಚ್ಚು.

ನಗಬೇಡಿ. ರಾಯರು ಸೋಗು ಹಾಕುತ್ತಿಲ್ಲ. ಅವರ ನೋವು ನಿಜ, ಅಂಜಿಕೆಯೂ ನಿಜ.

ಹೊಟ್ಟೆಗೂ ಮನಸ್ಸಿಗೂ ಇರುವ ನಂಟನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮತ್ಸರವೆಂದರೆ ಕನ್ನಡದಲ್ಲಿ ಹೊಟ್ಟೆಕಿಚ್ಚು. ಕ್ಷಮಿಸುವುದೆಂದರೆ ಹೊಟ್ಟೆಗೆ ಹಾಕಿಕೊಳ್ಳುವುದು. ಮಗುವಿನ ಅಳು ಕೇಳಿದರೆ ತಾಯಿಗೆ ಕರುಳು ಚುರ್ರೆನ್ನುತ್ತದೆ. ಗ್ರೀಕರ ಕಥೆಯೂ ಇದೇ. ಸದಾ ರೋಗದ ಶಂಕೆಯಲ್ಲಿ ಬೇಯುವವರಿಗೆ ಪಾಶ್ಚಾತ್ಯರು ಕೊಟ್ಟ ಹಳೆಯ ಹೆಸರು ಹೈಪೊಕಾಂಡ್ರಿಯ. ಮೂಲದಲ್ಲಿ ಆ ಶಬ್ದ ಯಾವ ಮನೋರೋಗದ ಹೆಸರೂ ಆಗಿರಲಿಲ್ಲ. ಪಕ್ಕೆಲುಬಿನ ಅಂಚಿನ ಕೆಳಗಿರುವ ಹೊಟ್ಟೆಯ ಭಾಗಕ್ಕೆ ಆ ಹೆಸರಿತ್ತು. ಚಿಂತೆ ಅಲ್ಲಿಂದಲೇ ಏಳುತ್ತದೆಂದು ಪ್ರಾಚೀನ ವೈದ್ಯರು ನಂಬಿದ್ದರು.

ಇದನ್ನು ಕಣ್ಣಾರೆ ಕಂಡವರೂ ಉಂಟು. 1822ರಲ್ಲಿ ಅಮೆರಿಕೆಯಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಗುಂಡು ತಗುಲಿತು. ಗಾಯ ಮಾಯಿತಾದರೂ ಹೊಟ್ಟೆಯಲ್ಲಿ ಒಂದು ತೂತು ಉಳಿದುಬಿಟ್ಟಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಆ ಕಿಟಕಿಯ ಮೂಲಕ ವರ್ಷಗಟ್ಟಲೆ ಪಚನಕ್ರಿಯೆಯನ್ನು ನೋಡಿ 1833ರಲ್ಲಿ ಪುಸ್ತಕ ಬರೆದ. ಆ ಯುವಕನಿಗೆ ಸಿಟ್ಟು ಬಂದಾಗ ಪಚನ ಕೆಡುತ್ತಿದ್ದುದನ್ನೂ ಅವನು ಗುರುತಿಸಿದ್ದ. ಪ್ರಾಸಂಗಿಕವಾಗಿ ಒಂದು ಮಾತು: ಪರೀಕ್ಷಿಸಿದ ವೈದ್ಯ 1853ರಲ್ಲಿ ತೀರಿಹೋದ, ತೂತುಹೊಟ್ಟೆಯ ಮನುಷ್ಯ 1880ರವರೆಗೆ ಬದುಕಿದ್ದ.

ಈಚಿನ ಕಾಲಕ್ಕೆ ಬಂದರೆ, 1973ರಲ್ಲಿ ಇಂಗ್ಲೆಂಡಿನ ರಿಚಿ ಎಂಬ ವೈದ್ಯರು ಕರುಳಿನೊಳಗೆ ಚಿಕ್ಕ ಬಲೂನನ್ನು ಉಬ್ಬಿಸಿ ನೋಡಿದರು. ಇತರರಿಗೆ ಅಷ್ಟಾಗಿ ತಿಳಿಯದ ಉಬ್ಬುವಿಕೆಯೇ ನಮ್ಮಂಥ ರೋಗಿಗಳಿಗೆ ನೋವಾಗಿ ಕಾಣುತ್ತಿತ್ತು. ಕರುಳು ಸಿಗಿದು ನೋಡಿದರೂ ಹುಣ್ಣಿಲ್ಲ, ಗಂಟಿಲ್ಲ. ಆದರೆ ಅದರ ನರಗಳ ಕಿವಿ ಬಹಳ ಚುರುಕು. ವೈದ್ಯರು ಇದನ್ನು ಐ.ಬಿ.ಎಸ್. ಎನ್ನುತ್ತಾರೆ. ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ಎಂಬ ನರದ ಎಳೆಗಳಲ್ಲಿ ಬಹುಪಾಲು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಅಂಜಿದ ಮನಸ್ಸು ಆ ಸುದ್ದಿಗೆ ಕಿವಿಗೊಟ್ಟಷ್ಟೂ ಸದ್ದು ದೊಡ್ಡದಾಗುತ್ತದೆ. ದೊಡ್ಡ ಸದ್ದಿಗೆ ಮತ್ತಷ್ಟು ಅಂಜಿಕೆ. ರಾಯರ ರಿಪೋರ್ಟು ನಾರ್ಮಲ್ ಎಂದು ಬಂದರೂ ನೋವು ಹೋಗದ ಗುಟ್ಟು ಇದು.

ಇಷ್ಟು ಕೇಳಿ ಯಾರಾದರೂ ಮನೆಗೆ ಹೋಗಿ, "ನಿನ್ನದೆಲ್ಲ ಮನಸ್ಸಿನ ಕಾಯಿಲೆ" ಎಂದು ಹೇಳುವುದಾದರೆ ಈ ಭಾಷಣ ಮಾಡಿದ್ದು ವ್ಯರ್ಥ. ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರಗಳೇ ಕಾರಣವೆಂದು ಎಷ್ಟು ತಲೆಮಾರು ಹೇಳಿತು! ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಇಬ್ಬರೂ ಅದರ ಹಿಂದೆ ಒಂದು ಬ್ಯಾಕ್ಟೀರಿಯ ಇರುವುದನ್ನು ಕಂಡುಹಿಡಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಕಾಯಿಲೆ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಸಮಾಧಾನ. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಬಣ್ಣ, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಅರ್ಬುದ ಇದ್ದದ್ದು, ಇವುಗಳಲ್ಲಿ ಯಾವುದೊಂದಿದ್ದರೂ ಇಂಥ ಭಾಷಣಗಳನ್ನು ಕೇಳುತ್ತ ಕೂಡದೆ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಊರಿನಲ್ಲಿ ಅದಕ್ಕೆ ಕೊರತೆಯಿಲ್ಲ. 1994ರಲ್ಲಿ ಡಾ. ನಾಗೇಶ್ವರ ರೆಡ್ಡಿಯವರು ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯನ್ನು ಇಲ್ಲಿ ಸ್ಥಾಪಿಸಿದಂದಿನಿಂದ, ಹೊಟ್ಟೆಗಾಗಿ ದೂರದೂರದವರು ರೈಲು ಹತ್ತಿ ಈ ಊರಿಗೇ ಬರುತ್ತಿದ್ದಾರೆ.

ಪರೀಕ್ಷೆಯಾಯಿತು, ಗಾಬರಿಪಡುವಂಥದ್ದೇನೂ ಇಲ್ಲವೆಂದು ವೈದ್ಯರು ಹೇಳಿದರು ಎನ್ನೋಣ. ನಮ್ಮ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಅದು ನಡೆಯುವುದು ಊಟದ ತಟ್ಟೆಯ ಮೇಲೆ.

ಹೈದರಾಬಾದಿನ ಕನ್ನಡಿಗರ ಹೊಟ್ಟೆ ಒಂದೇ ಬಗೆಯದಲ್ಲ. 1956ರವರೆಗೆ ಕಲಬುರ್ಗಿ, ರಾಯಚೂರು, ಬೀದರಗಳಿಗೆ ಇದೇ ರಾಜಧಾನಿ. ಅಲ್ಲಿಂದ ಬಂದವರದು ಜೋಳದ ರೊಟ್ಟಿಯ ಹೊಟ್ಟೆ. ಅವರ ಪುಂಡಿಪಲ್ಯ ಇಲ್ಲಿ ಗೋಂಗೂರವೆಂಬ ಹೆಸರಿನಲ್ಲಿ ಮೊದಲೇ ಕಾದಿತ್ತು. ಉಡುಪಿಯ ಕಡೆಯವರದು ಕುಚ್ಚಲಕ್ಕಿಯ ಹೊಟ್ಟೆ, ಮೈಸೂರು ಸೀಮೆಯವರದು ರಾಗಿ ಅನ್ನಗಳ ಹೊಟ್ಟೆ, ಈಚೆಗೆ ಮಾಧಾಪುರದ ಕಡೆ ನೆಲೆಸಿದ ತರುಣರದು ರಾತ್ರಿ ಹನ್ನೊಂದಕ್ಕೆ ತರಿಸಿಕೊಂಡ ಬಿರಿಯಾನಿಯ ಹೊಟ್ಟೆ. ಇವರೆಲ್ಲರಿಗೂ ಸಮಾನವಾದದ್ದು ಇರಾನಿ ಚಹಾ. ಇಷ್ಟು ಬಗೆಯ ಹೊಟ್ಟೆಗಳಿಗೆ ಒಂದೇ ಪಥ್ಯದ ಪಟ್ಟಿ ಕೊಡುವ ಸಾಹಸವನ್ನು ನಾವು ಮಾಡುವುದಿಲ್ಲ. ಎರಡು ಮೂರು ಪದಾರ್ಥಗಳ ಮಾತನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಹಾಲು. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ವಯಸ್ಸಿಗೆ ಬಂದ ಮೇಲೆ ಬಹಳ ಮಂದಿ ಭಾರತೀಯರಲ್ಲಿ ಕಡಿಮೆಯಾಗುತ್ತದೆ. ಉತ್ತರಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ನಮ್ಮ ತಾರ್ನಾಕಾದ ಪೌಷ್ಟಿಕತಾ ಸಂಸ್ಥೆಯ ವಿನೋದಿನಿ ರೆಡ್ಡಿಯವರು ಸಹೋದ್ಯೋಗಿಯೊಬ್ಬರೊಡನೆ 1972ರಲ್ಲಿಯೇ ಈ ವಿಚಾರವಾಗಿ ಬರೆದಿದ್ದರು. ಹೀಗಿದ್ದರೂ ಇಂಥವರಲ್ಲಿ ಬಹುಮಂದಿಗೆ ಒಂದು ಲೋಟ ಹಾಲು, ಅದರಲ್ಲೂ ಊಟದೊಡನೆ, ತೊಂದರೆ ಕೊಡುವುದಿಲ್ಲ. ಮೊಸರು ಮಜ್ಜಿಗೆಗಳಂತೂ ಇನ್ನೂ ಹಗುರ. ಅಮೆರಿಕೆಯ ಮಿನಿಯಾಪೊಲಿಸ್‌ನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಕೇಳತಕ್ಕದ್ದು. ಹಾಲು ತಮಗೆ ವಿಷವೆಂದು ದೃಢವಾಗಿ ನಂಬಿದ್ದ 30 ಜನರಿಗೆ ದಿನಕ್ಕೆ 240 ಮಿಲಿಲೀಟರಿನಂತೆ ಒಂದು ವಾರ ಮಾಮೂಲಿ ಹಾಲನ್ನೂ ಇನ್ನೊಂದು ವಾರ ಹಾಲಿನ ಸಕ್ಕರೆಯನ್ನು ಮೊದಲೇ ಒಡೆದಿಟ್ಟ ಹಾಲನ್ನೂ ಕೊಟ್ಟರು. ಯಾವುದು ಯಾವುದೆಂದು ಹೇಳಲಿಲ್ಲ. ಅವರಲ್ಲಿ ಒಂಬತ್ತು ಜನರಿಗೆ ಹಾಲಿನ ಸಕ್ಕರೆ ಸರಿಯಾಗಿಯೇ ಅರಗುತ್ತಿತ್ತು. ಉಳಿದ ಇಪ್ಪತ್ತೊಂದು ಜನರಲ್ಲಿಯೂ ಎರಡು ವಾರಗಳ ತೊಂದರೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಉಬ್ಬರವಾದದ್ದು ಸುಳ್ಳೆಂದು ಇದರ ಅರ್ಥವಲ್ಲ. ಲೋಟವನ್ನು ಕಂಡೊಡನೆ ಹೊಟ್ಟೆ ಸಿದ್ಧವಾಗಿ ಕೂತಿತ್ತು.

ಗೋಧಿಯ ಮಾತು ಬೇರೆ. ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ಗೋಧಿಯ ಗ್ಲೂಟನ್ ಕರುಳಿನ ಒಳಪದರವನ್ನೇ ಕೆಡಿಸುತ್ತದೆ; ಅವರು ಗೋಧಿಯನ್ನು ಜೀವನಪರ್ಯಂತ ಬಿಡಲೇಬೇಕು. ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಷ್ಟು ಕಾಣುವ ಇದು ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟು. ಶಂಕೆಯಿದ್ದವರು ನೆನಪಿಡಬೇಕಾದದ್ದು: ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ಬಿಟ್ಟುಬಿಟ್ಟರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಸೀಲಿಯಾಕ್ ಎಂದು ನಿಶ್ಚಯವಾದರೂ ಜೋಳ, ರಾಗಿ, ಅಕ್ಕಿಗಳ ನಾಡಿನವರಿಗೆ ಉಪವಾಸದ ಭಯವಿಲ್ಲ. ಅಂಗಡಿಯ ಇಂಗನ್ನು ಮಾತ್ರ ಹೆಸರು ನೋಡಿ ಕೊಳ್ಳಬೇಕು. ಅದಕ್ಕೆ ಬಹುಮಟ್ಟಿಗೆ ಮೈದಾ ಬೆರೆಸಿರುತ್ತಾರೆ.

ಸಾವಿರಾರು ರೂಪಾಯಿ ತೆಗೆದುಕೊಂಡು, ಒಂದು ತೊಟ್ಟು ರಕ್ತದಿಂದ ನೂರು ಪದಾರ್ಥಗಳಲ್ಲಿ ಯಾವುದು ಒಗ್ಗುವುದಿಲ್ಲವೆಂದು ಬಣ್ಣದ ಪಟ್ಟಿ ಕೊಡುವ ಐ.ಜಿ.ಜಿ. ಪರೀಕ್ಷೆಗಳೂ ಈಗ ಬಂದಿವೆ. ಆ ಪರೀಕ್ಷೆ ತೋರಿಸುವುದು ನಾವು ಏನನ್ನು ತಿಂದಿದ್ದೇವೆಂಬುದನ್ನು. ಅದನ್ನು ತಿಳಿಯಲು ಹಣ ಕೊಡಬೇಕಾಗಿಲ್ಲ. ಯುರೋಪಿನ ಅಲರ್ಜಿತಜ್ಞರ ಸಂಸ್ಥೆ 2008ರಲ್ಲಿಯೇ ಇದು ಬೇಡವೆಂದಿದೆ.

ಇನ್ನು ನಮ್ಮ ಅಜ್ಜಿಯರು ವಾಯುಪದಾರ್ಥವೆಂದು ಕರೆದವುಗಳು. ಅವರೆ, ಕಡಲೆ, ಅಲಸಂದೆ, ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲಿರುವ ಕೆಲವು ಬಗೆಯ ಸಕ್ಕರೆಗಳು ಸಣ್ಣಕರುಳಿನಲ್ಲಿ ಅರಗದೆ ದೊಡ್ಡಕರುಳಿಗೆ ಹೋಗಿ ಹುಳಿತು ವಾಯುವಾಗುತ್ತವೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು 2005ರಿಂದ ಇವನ್ನು ಫಾಡ್‌ಮ್ಯಾಪ್ ಎಂಬ ಹೆಸರಿನಲ್ಲಿ ಪಟ್ಟಿ ಮಾಡಿ ಪಥ್ಯಕ್ರಮವೊಂದನ್ನು ರೂಪಿಸಿದ್ದಾರೆ. ಎರಡರಿಂದ ಆರು ವಾರ ಎಲ್ಲವನ್ನೂ ಬಿಡುವುದು, ಆಮೇಲೆ ಒಂದೊಂದಾಗಿ, ಅಳತೆ ಹೆಚ್ಚಿಸುತ್ತ ಮರಳಿ ತಿಂದು ನೋಡುವುದು, ಒಗ್ಗಿದ್ದನ್ನು ಇಟ್ಟುಕೊಳ್ಳುವುದು. ಪಥ್ಯ ಬಲ್ಲವರ ಸಲಹೆಯಿಂದ ಮಾಡಿದರೆ ಅನೇಕರಿಗೆ ಗುಣ ಕಂಡಿದೆ. ನಮ್ಮ ಜನರು ಮಾಡುವುದೇನೆಂದರೆ ಮೊದಲ ಭಾಗವನ್ನು ಅತ್ಯುತ್ಸಾಹದಿಂದ ಮಾಡಿ, ಎರಡನೆಯದನ್ನು ಮರೆತುಬಿಡುವುದು.

ಬಿಟ್ಟದ್ದನ್ನು ಮರಳಿ ಹಿಡಿಯುವ ಶಿಸ್ತು ನಮಗೆ ಹೊಸದಾಗಬೇಕಾಗಿಲ್ಲ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯ ಆಚರಿಸುವುದನ್ನು ನೋಡಿದವರು ಇಲ್ಲಿ ಬಹಳ ಮಂದಿ ಇದ್ದಾರೆ. ಒಂದು ತಿಂಗಳು ಶಾಕವ್ರತ, ತರಕಾರಿ ಇಲ್ಲ. ಮುಂದಿನ ತಿಂಗಳು ದಧಿವ್ರತ, ಮೊಸರಿಲ್ಲ. ಆಮೇಲೆ ಕ್ಷೀರವ್ರತ, ಹಾಲಿಲ್ಲ. ಕೊನೆಗೆ ದ್ವಿದಳವ್ರತ, ಬೇಳೆ ಇಲ್ಲ. ಅದರ ಉದ್ದೇಶ ಧಾರ್ಮಿಕವಾದದ್ದು, ಹೊಟ್ಟೆಯ ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದರ ಕಟ್ಟನ್ನು ಗಮನಿಸಬೇಕು. ಬಿಡುವ ದಿನ ಗೊತ್ತು, ಹಿಡಿಯುವ ದಿನವೂ ಗೊತ್ತು. ಮೊಸರು ಬಿಟ್ಟ ತಿಂಗಳು ತರಕಾರಿ ಎಲೆಗೆ ಮರಳಿ ಬಂದಿರುತ್ತದೆ. ಕಾರ್ತಿಕದಲ್ಲಿ ಎಲ್ಲವೂ ಎಲೆಯ ಮೇಲಿರುತ್ತವೆ. ಅಂಜಿಕೆಯ ವ್ರತಕ್ಕೆ ಮಾತ್ರ ಪಾರಣೆಯ ದಿನವೇ ಇಲ್ಲ. ಅದು ಸೇರಿಸುತ್ತ ಹೋಗುತ್ತದೆ, ಯಾವುದನ್ನೂ ಹಿಂದಿರುಗಿಸುವುದಿಲ್ಲ. ನಮ್ಮ ಕಲ್ಪನೆಯ ರಾಯರು ಕೊನೆಗೆ ಬಂದು ಮುಟ್ಟುವುದು ಬಿಳಿ ಅನ್ನ ಮತ್ತು ನೀರುಮಜ್ಜಿಗೆಗೆ.

ಇದು ಎಂಥ ಅಪಾಯವೆಂಬುದನ್ನು ತಿಳಿಯಲು ನಾವು ತಾರ್ನಾಕಾದಾಚೆ ಹೋಗಬೇಕಾಗಿಲ್ಲ. ಅಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರಿಂದ ಆರಂಭವಾಯಿತು. ಆಗ ಅದರ ಕೆಲಸ ಬೆರಿಬೆರಿ ರೋಗದ ವಿಚಾರಣೆ. ಪಾಲಿಶ್ ಮಾಡಿದ ಅಕ್ಕಿಯೊಂದನ್ನೇ ನಂಬಿದವರಿಗೆ ಬರುತ್ತಿದ್ದ ರೋಗ ಅದು. 1958ರಲ್ಲಿ ಸಂಸ್ಥೆ ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಪಡೆಯಿತು. ಇಲ್ಲಿಗೆ ಬಂದ ಹೊಸದರಲ್ಲಿ ಅದರ ಮುಂದೆ ನಿಂತದ್ದು ಪೆಲ್ಲಾಗ್ರ. ಈ ದಖ್ಖಣದ ಬಡವರಲ್ಲಿ, ಜೋಳದ ಹೊರತು ಬೇರೇನೂ ಸಿಗದವರಲ್ಲಿ ಕಾಣುತ್ತಿದ್ದ ರೋಗ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು ಅದರ ಬಗೆಗೆ 1960ರಲ್ಲಿ ಬರೆದ ಲೇಖನ ಪ್ರಸಿದ್ಧವಾದದ್ದು. ಪೆಲ್ಲಾಗ್ರ ಮೂರು ಕಡೆ ಹಿಡಿಯುತ್ತದೆ: ಚರ್ಮ, ಕರುಳು, ಮನಸ್ಸು. ಚರ್ಮ ಕರಕಾಗುತ್ತದೆ, ಭೇದಿ ಶುರುವಾಗುತ್ತದೆ, ಚಿತ್ತ ಕದಡುತ್ತದೆ. ಜೋಳದ ರೊಟ್ಟಿಯನ್ನು ದೂರುವುದಕ್ಕಾಗಿ ಇದನ್ನು ಹೇಳಲಿಲ್ಲ. ಬೇಳೆ, ಪಲ್ಯ, ಮೊಸರಿನೊಡನೆ ಅದರಷ್ಟು ಒಳ್ಳೆಯ ಊಟ ಇಲ್ಲ. ಆ ಬಡವರ ತಟ್ಟೆ ಕಿರಿದಾದದ್ದು ದಾರಿದ್ರ್ಯದಿಂದ. ಕೈಯಲ್ಲಿ ಹಣವಿದ್ದು, ಮನೆಯಲ್ಲಿ ಬೇಯಿಸಿಹಾಕುವವರಿದ್ದು, ಅಂಜಿಕೆಯಿಂದ ತಟ್ಟೆ ಕಿರಿದು ಮಾಡಿಕೊಂಡವರನ್ನು ಕಂಡಾಗ ನಮಗೆ ಹೆಚ್ಚು ದುಃಖವಾಗುತ್ತದೆ.

ಹಾಗಾದರೆ ಅಂಜಿಕೆಗೆ ಮದ್ದೇನು? ಸಮಾಧಾನ ಹೇಳಿದರೆ ಸಾಕೆಂದು ಮನೆಯವರು ತಿಳಿಯುತ್ತಾರೆ. ಸಮಾಧಾನ ತುರಿಕೆಯನ್ನು ಕೆರೆದಂತೆ. ಆ ಕ್ಷಣಕ್ಕೆ ಹಿತ, ಆಮೇಲೆ ಉರಿ ಹೆಚ್ಚು. "ಏನೂ ಇಲ್ಲ" ಎಂಬ ಮಾತನ್ನು ನೂರನೆಯ ಸಲ ಹೇಳುವ ಬದಲು, "ಈ ಪ್ರಶ್ನೆಗೆ ವೈದ್ಯರು ಹೋದ ತಿಂಗಳೇ ಉತ್ತರ ಹೇಳಿದ್ದಾರಲ್ಲ, ಬನ್ನಿ, ಒಂದು ಸುತ್ತು ನಡೆದು ಬರೋಣ" ಎನ್ನುವ ಗೃಹಿಣಿ ಹೆಚ್ಚು ಉಪಕಾರ ಮಾಡುತ್ತಾಳೆ. ರೋಗಿ ತಾನೂ ಕೆಲವು ಕಟ್ಟುಗಳನ್ನು ಹಾಕಿಕೊಳ್ಳಬೇಕು. ಒಬ್ಬರೇ ವೈದ್ಯರು, ಅವರನ್ನು ಕಾಣಲು ಗೊತ್ತಾದ ದಿನ, ನೋವು ಬಂದರೂ ಬಾರದಿದ್ದರೂ. ಮೊಬೈಲಿನಲ್ಲಿ ರೋಗ ಹುಡುಕುವುದು ಪೂರ್ತಿ ಬಂದ್. ಹೊಟ್ಟೆ ಒತ್ತಿ ನೋಡುವ ಕೈಯನ್ನು ಒಂದು ಗಂಟೆ ಮುಂದೂಡುವುದು, ಆಮೇಲೆ ಎರಡು ಗಂಟೆ. ಬಿಟ್ಟ ಪದಾರ್ಥವೊಂದನ್ನು ಎರಡು ಚಮಚದಷ್ಟು ತಿಂದು, ಏಳುವ ಅಂಜಿಕೆಯನ್ನು ಓಡಿಸದೆ, ಅದು ತಾನಾಗಿ ಇಳಿಯುವುದನ್ನು ನೋಡುತ್ತ ಕೂಡುವುದು. ತಿಂದರೆ ಮೈಮೇಲೆ ದದ್ದೆದ್ದು ಉಸಿರು ಕಟ್ಟುವ ನಿಜವಾದ ಅಲರ್ಜಿ ಇರುವವರಿಗೆ ಮಾತ್ರ ಈ ಮಾತು ಸಲ್ಲದು. ಅವರು ಆ ಪದಾರ್ಥವನ್ನು ಮುಟ್ಟಲೇಬಾರದು.

ಈ ಕ್ರಮವನ್ನು ಕಲಿಸುವ ಮನೋಚಿಕಿತ್ಸೆ ಇದೆ. ಬ್ರಿಟನ್ನಿನಲ್ಲಿ ಪೀಟರ್ ಟೈರರ್ ಮತ್ತು ಸಂಗಡಿಗರು ಹೊಟ್ಟೆ, ಹೃದಯ ಮೊದಲಾದ ವಿಭಾಗಗಳಿಗೆ ಬರುತ್ತಿದ್ದ 444 ಶಂಕಾಪೀಡಿತ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಐದರಿಂದ ಹತ್ತು ಭೇಟಿಗಳಲ್ಲಿ ಕಂಡ ಗುಣ ಎರಡು ವರ್ಷದ ಮೇಲೂ ಉಳಿದಿತ್ತು. ನಮ್ಮ ಊರಿನಲ್ಲಿ ಮನೋವೈದ್ಯರ ಹೆಸರೆತ್ತಿದರೆ "ಎರ್ರಗಡ್ಡಕ್ಕೆ ಕಳಿಸುತ್ತೀರಾ?" ಎಂದು ಸಿಟ್ಟಾಗುವುದು ವಾಡಿಕೆ. ಅಲ್ಲಿಯ ಮಾನಸಿಕ ಆಸ್ಪತ್ರೆಯ ಹೆಸರು ಬೈಗುಳವಾಗಿಬಿಟ್ಟಿದೆ. ಹೊಟ್ಟೆಯ ಚುರುಕು ನರವನ್ನು ಶಾಂತಗೊಳಿಸಲು ಹೋದವನನ್ನು ಹುಚ್ಚನೆನ್ನುವುದು ಅನ್ಯಾಯ. ಹೋಗಲು ಸಂಕೋಚವಾದರೆ, ಭಾರತ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು. ಹೊಟ್ಟೆಯ ಸಂಕಟ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಸರಿಯಾಗಿ ಹೊರಬರುವುದಿಲ್ಲವೆಂಬುದು ನಮ್ಮ ಅನುಭವ.

ಚಾರ್ಲ್ಸ್ ಡಾರ್ವಿನ್ನರ ಹೆಸರು ಎಲ್ಲರೂ ಕೇಳಿದ್ದೀರಿ. ಅವರ ಹೊಟ್ಟೆಯ ಕಥೆ ಅಷ್ಟು ಪ್ರಸಿದ್ಧವಲ್ಲ. ವಾಂತಿ, ವಾಯು, ನಿಶ್ಶಕ್ತಿಗಳಿಂದ ನರಳುತ್ತ 1849ರಲ್ಲಿ ಮಾಲ್ವರ್ನಿನ ಜಲಚಿಕಿತ್ಸೆಗೆ ಹೋದರು. ಅದೇ ವರ್ಷದಿಂದ ದಿನದಿನದ ಆರೋಗ್ಯದ ದಿನಚರಿ ಬರೆದಿಟ್ಟರು. 1855ರಲ್ಲಿ ಆ ದಿನಚರಿ ನಿಂತಿತು. ಹೊಟ್ಟೆ ಗುಣವಾಗಿರಲಿಲ್ಲ. ನಾಲ್ಕು ವರ್ಷಗಳ ಮೇಲೆ ಅವರ ದೊಡ್ಡ ಗ್ರಂಥ ಹೊರಬಂತು. 73 ವರ್ಷ ಬದುಕಿದರು. ಕಾಯಿಲೆ ಗುಣವಾದ ಮೇಲೆ ಕೆಲಸ ಮಾಡೋಣವೆಂದು ಅವರು ಕಾದಿದ್ದರೆ ಏನಾಗುತ್ತಿತ್ತೋ!

ಕೊನೆಯದಾಗಿ ಉಳಿದವರೊಡನೆ ಒಂದು ವಿಜ್ಞಾಪನೆ. ಹೊಟ್ಟೆಗೆ ಅಂಜಿದವನು ಮೊದಲು ಬಿಡುವುದು ಪದಾರ್ಥಗಳನ್ನು, ಆಮೇಲೆ ಹೋಟೆಲನ್ನು, ಆಮೇಲೆ ಮದುವೆ ಮುಂಜಿಗಳನ್ನು, ಕಟ್ಟಕಡೆಗೆ ನಮ್ಮ ಇಂಥ ಸಮಾರಂಭಗಳನ್ನು. ಪರಸ್ಥಳದಲ್ಲಿರುವ ಕನ್ನಡಿಗರು ವರ್ಷಕ್ಕೆ ನಾಲ್ಕು ಸಲ ಒಟ್ಟಿಗೆ ಕೂಡುವುದೇ ಊಟದ ನೆಪದಲ್ಲಿ. ಹಾಗೆ ಬಾರದೆ ಹೋದ ಮುಖಗಳು ನಮಗೆಲ್ಲ ಗೊತ್ತು. ಅವರು ಬರುವಂತಾಗಲು ಬಡಿಸುವವರು ಎರಡು ಉಪಕಾರ ಮಾಡಬೇಕು. ಬೇಡವೆಂದವರ ಎಲೆಗೆ "ಒಂದೇ ಒಂದು" ಎಂದು ಹೋಳಿಗೆ ಹಾಕಬಾರದು. ಏಕೆ ಬೇಡವೆಂದು ಪಂಕ್ತಿಯ ನಡುವೆ ಕೇಳಬಾರದು. ಹಾಗೆಯೇ ಪ್ರತಿ ಪಾತ್ರೆಯ ಮುಂದೆ ಅದರಲ್ಲಿ ಹಾಲು, ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಡಲೆ ಏನೇನಿದೆಯೆಂದು ಒಂದು ಚೀಟಿ ಇಡಬೇಕು. ಅಡುಗೆಯ ಉಸ್ತುವಾರಿ ಹೊತ್ತವರು ಇದಕ್ಕೆ ಒಪ್ಪಿ ಚೀಟಿಗಳನ್ನು ಬರೆಸಿದ್ದಾರೆ. ಸಾರು ಎರಡು ಬಗೆಯದಿದೆ; ಒಂದರಲ್ಲಿ ಬೆಳ್ಳುಳ್ಳಿ ಹಾಕಿಲ್ಲ. ಮಜ್ಜಿಗೆಗೆ ಜೀರಿಗೆ ಮಾತ್ರ ಹಾಕಿದೆ. ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದರು. ಎಲೆಗಳು ಹಾಕಿವೆಯೆಂದು ಕಾಣುತ್ತದೆ.